ಹತ್ತು ರೂಪಾಯಿಯ ಅರ್ಜಿ, ಎರಡು ಸಾಲಿನ ನಡಾವಳಿ: ಮಂಡ್ಯದಿಂದ ಮಾಹಿತಿ ಹಕ್ಕು ಸೇವೆಯ ಒಂದು ವಿಮರ್ಶೆ

ಮಂಡ್ಯದಲ್ಲಿ ಸರ್ಕಾರಿ ಕಚೇರಿಗಳು ಹತ್ತಿರವಿರುವ ಒಂದು ರಸ್ತೆಯಲ್ಲಿ ನಾನು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ನಡೆಸುತ್ತೇನೆ. ಪಹಣಿಯ ನಕಲು, ಖಾತೆ ಬದಲಾವಣೆಯ ಅರ್ಜಿ, ಅಫಿಡವಿಟ್, ವಂಶವೃಕ್ಷ ಇವುಗಳ ನಡುವೆ ವಾರಕ್ಕೆ ನಾಲ್ಕಾರು ಮಾಹಿತಿ ಹಕ್ಕಿನ ಅರ್ಜಿಗಳನ್ನೂ ಟೈಪ್ ಮಾಡಿಕೊಡುತ್ತೇನೆ. ಹೀಗೆ ಬೇರೆಯವರಿಗಾಗಿ ವರ್ಷಗಟ್ಟಲೆ ಅರ್ಜಿ ಸಿದ್ಧಪಡಿಸಿದ ನಾನು, ನಮ್ಮ ಬೀದಿಯ ಚರಂಡಿ ಕಾಮಗಾರಿಯ ವಿಷಯದಲ್ಲಿ ಮೊದಲ ಬಾರಿಗೆ ನನ್ನ ಹೆಸರಿನಲ್ಲೇ ಅರ್ಜಿ ಹಾಕಿದೆ. ಆ ಅನುಭವವನ್ನೂ, ಅಂಗಡಿಗೆ ಬರುವವರಿಂದ ತಿಳಿದದ್ದನ್ನೂ ಸೇರಿಸಿ ಈ ಸೇವೆಯ ಗುಣದೋಷಗಳನ್ನು ಬರೆಯುತ್ತಿದ್ದೇನೆ. ಇದನ್ನು ಸೇವೆ ಎಂದೇ ಕರೆಯುತ್ತೇನೆ, ಏಕೆಂದರೆ ಇದಕ್ಕೆ ಶುಲ್ಕವಿದೆ, ಗಡುವಿದೆ, ಗಡುವು ಮೀರಿದರೆ ದಂಡವೂ ಇದೆ. ನಾನು ಅರ್ಜಿ ಹಾಕಿದ ಕಚೇರಿಯ ಹೆಸರನ್ನು ಮಾತ್ರ ಬರೆಯುವುದಿಲ್ಲ. ನಾನು ಕಂಡ ಕೊರತೆ ಆ ಒಂದು ಕಚೇರಿಗೆ ಸೇರಿದ್ದಲ್ಲ.

ಮೊದಲು ಬೆಲೆ ಮತ್ತು ಕ್ರಮದ ವಿಚಾರ. ಮಾಹಿತಿ ಹಕ್ಕು ಕಾಯ್ದೆ 2005ರ ಅಕ್ಟೋಬರ್ 12ರಂದು ದೇಶದಲ್ಲಿ ಪೂರ್ಣವಾಗಿ ಜಾರಿಗೆ ಬಂತು. ಕರ್ನಾಟಕದ ನಿಯಮಗಳ ಪ್ರಕಾರ ಅರ್ಜಿ ಶುಲ್ಕ 10 ರೂಪಾಯಿ, ಎ4 ಅಳತೆಯ ನಕಲಿಗೆ ಪುಟಕ್ಕೆ 2 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರು ಕಾರ್ಡಿನ ನಕಲನ್ನು ಲಗತ್ತಿಸಿದರೆ ಅರ್ಜಿ ಶುಲ್ಕವಿಲ್ಲ. ಉತ್ತರ ಕೊಡಲು 30 ದಿನಗಳ ಗಡುವಿದೆ, ವಿಷಯವು ಒಬ್ಬ ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದರೆ 48 ಗಂಟೆ ಮಾತ್ರ. ಗಡುವು ಮೀರಿದ ಮೇಲೆ ಕೊಡುವ ಮಾಹಿತಿಗೆ ನಕಲಿನ ಹಣವನ್ನೂ ಕೇಳುವಂತಿಲ್ಲ. ಅರ್ಜಿ ತಪ್ಪು ಕಚೇರಿಗೆ ಹೋದರೆ ಅದನ್ನು ತಿರಸ್ಕರಿಸುವಂತಿಲ್ಲ, 5 ದಿನಗಳೊಳಗೆ ಸಂಬಂಧಪಟ್ಟ ಕಚೇರಿಗೆ ವರ್ಗಾಯಿಸಬೇಕು. ಕಾರಣವಿಲ್ಲದೆ ವಿಳಂಬ ಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿಯವರೆಗೆ ದಂಡ ವಿಧಿಸುವ ಅಧಿಕಾರ ಮಾಹಿತಿ ಆಯೋಗಕ್ಕಿದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಬಲವಾದ ಕಾಗದವನ್ನು ನನ್ನ ಅಂಗಡಿಯಲ್ಲಿ ನಾನು ಬೇರೆ ಯಾವ ವಿಷಯಕ್ಕೂ ಟೈಪ್ ಮಾಡಿಲ್ಲ.

ಆದರೆ ಈ ಸೇವೆಯ ಫಲ ಅರ್ಜಿಯ ಮಾತುಗಳ ಮೇಲೆ ನಿಂತಿದೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು ಎಂದಿದೆ. ನಮ್ಮಲ್ಲಿಗೆ ಬರುವ ಯಜಮಾನರುಗಳು ಮೂರು ಪುಟಗಳ ದುಃಖವನ್ನು ಬರೆದುಕೊಂಡು ಬಂದಿರುತ್ತಾರೆ. ನಾಲೆಯ ನೀರು ಏಕೆ ಬರಲಿಲ್ಲ, ತೂಬು ಏಕೆ ಒಡೆಯಿತು, ಅಧಿಕಾರಿ ಏಕೆ ಮಾತಾಡಲಿಲ್ಲ ಎಂಬುದೆಲ್ಲ ಅದರಲ್ಲಿ ಇರುತ್ತದೆ. “ಯಾಕ್ ಮಾಡ್ನಿಲ್ಲ ಅಂತ ಕೇಳು ಕಣಪ್ಪ, ಅವ್ರು ಉತ್ರ ಕೊಡ್ಲಿ” ಎಂದು ಒಬ್ಬರು ಹಟ ಹಿಡಿದು ಕುಳಿತಿದ್ದರು. ಅವರ ಪ್ರಶ್ನೆ ನ್ಯಾಯವಾದದ್ದೇ. ಆದರೆ ಕಾಯ್ದೆಯು ಕಚೇರಿಯ ವಶದಲ್ಲಿ ಆಗಲೇ ಇರುವ ದಾಖಲೆಯನ್ನು ಕೊಡಿಸುತ್ತದೆಯೇ ಹೊರತು, ಹೊಸದಾಗಿ ವಿವರಣೆಯನ್ನು ಬರೆಸಿ ಕೊಡಿಸುವುದಿಲ್ಲ. ಸುಪ್ರೀಂ ಕೋರ್ಟ್ ಕೂಡ 2011ರಲ್ಲಿ, ವಿದ್ಯಾರ್ಥಿಗಳು ತಮ್ಮ ಉತ್ತರ ಪತ್ರಿಕೆಯನ್ನು ನೋಡಬಹುದು ಎಂದು ಹೇಳಿದ ತೀರ್ಪಿನಲ್ಲೇ, ಇಲ್ಲದ ಮಾಹಿತಿಯನ್ನು ಸೃಷ್ಟಿಸಿ ಕೊಡುವ ಹೊಣೆ ಅಧಿಕಾರಿಗಿಲ್ಲ ಎಂದು ಸ್ಪಷ್ಟಪಡಿಸಿತು. ಆದ್ದರಿಂದ “ಏಕೆ” ಎಂಬ ಪದವನ್ನು ನಾನು ಅರ್ಜಿಯಿಂದ ತೆಗೆಯುತ್ತೇನೆ. ಅದರ ಬದಲು ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಿತ ಪುಟಗಳು, ಬಿಲ್ಲು, ಕಡತದ ಟಿಪ್ಪಣಿ ಹಾಳೆಗಳು ಎಂದು ಕಾಗದಗಳನ್ನು ಅವುಗಳ ಹೆಸರು ಹಿಡಿದು ಕೇಳುತ್ತೇನೆ. ಹೆಸರು ಹಿಡಿದು ಕೇಳಿದ ಕಾಗದವನ್ನು “ಲಭ್ಯವಿಲ್ಲ” ಎನ್ನುವುದು ಕಷ್ಟ.

ನಮ್ಮ ಬೀದಿಯ ಕಥೆಗೆ ಬರುತ್ತೇನೆ. ಚರಂಡಿ ಮಾಡಲು ಬಂದವರು ಬೀದಿಯ ಕೊನೆಯವರೆಗೂ ಸುಣ್ಣದ ಗೆರೆ ಎಳೆದಿದ್ದರು. ಕೆಲಸ ಮುಗಿದಾಗ ಚರಂಡಿ ಕೊನೆಯ ನಾಲ್ಕು ಮನೆಗಳನ್ನು ಬಿಟ್ಟು ಮೊದಲೇ ನಿಂತಿತ್ತು. ಮೇಲಿನಿಂದ ಹರಿದ ನೀರೆಲ್ಲ ಅಲ್ಲಿಗೆ ಬಂದು, ಅಂಚಿನ ಮನೆಯ ಅಜ್ಜಿಯ ಜಗುಲಿಯ ಮುಂದೆ ಮಡುಗಟ್ಟಿತು. ಹಣ ಪೂರ್ತಿ ತೆಗೆದುಕೊಂಡು ಕೆಲಸ ಅರ್ಧ ಮಾಡಿದ್ದಾರೆ ಎಂಬ ಮಾತು ಒಂದೇ ವಾರದಲ್ಲಿ ಬೀದಿಯ ತುಂಬ ಹರಡಿತು. ನನಗೂ ಹಾಗೆಯೇ ಅನಿಸಿತ್ತು. ಪಕ್ಕದ ಮನೆಯ ಹುಡುಗನ ಕೈಗೆ ಟೇಪಿನ ಒಂದು ತುದಿ ಕೊಟ್ಟು ಅಳೆದೆ: 117 ಮೀಟರಿಗೆ ಸ್ವಲ್ಪ ಹೆಚ್ಚು. ಮರುದಿನ ನಮೂನೆ-ಎ ತುಂಬಿ, 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಟಪಾಲು ಶಾಖೆಗೆ ಕೊಟ್ಟೆ.

ಅಲ್ಲಿನ ಸಿಬ್ಬಂದಿ ಅರ್ಜಿ ಓದಿ, “ಸಾರ್, ಯಾತಕ್ಕೆ ಬೇಕು ಅಂತ ಒಂದ್ ಸಾಲು ಬರ್ಕೊಟ್ಬಿಡಿ” ಎಂದರು. ಅದರಲ್ಲಿ ದುರುದ್ದೇಶವೇನೂ ಇರಲಿಲ್ಲ, ಎಲ್ಲ ಅರ್ಜಿಗಳಿಗೂ ಕೇಳುವ ರೂಢಿಯ ಮಾತು. ಕಾಯ್ದೆಯ ಕಲಂ 6(2) ಈ ಪ್ರಶ್ನೆಯನ್ನೇ ನಿಷೇಧಿಸುತ್ತದೆ: ಅರ್ಜಿದಾರನನ್ನು ಸಂಪರ್ಕಿಸಲು ಬೇಕಾದ ವಿವರ ಬಿಟ್ಟರೆ ಕಾರಣವನ್ನಾಗಲಿ ಬೇರೆ ವೈಯಕ್ತಿಕ ವಿವರವನ್ನಾಗಲಿ ಕೇಳಬಾರದು. ನಾನು ಅದನ್ನು ಮೆಲ್ಲಗೆ ಹೇಳಿದೆ, ಅವರು ಸ್ವೀಕೃತಿಯ ಮೊಹರು ಒತ್ತಿ ಕೊಟ್ಟರು. ಅಂಗಡಿಗೆ ಬರುವ ಎಲ್ಲರಿಗೂ ನಾನು ಹೇಳುವ ಮೊದಲ ಮಾತೂ ಇದೇ. ಮೊಹರು ಬಿದ್ದ ಪ್ರತಿ ಕೈಯಲ್ಲಿಲ್ಲದೆ ಆ ಕೌಂಟರನ್ನು ಬಿಟ್ಟು ಬರಬೇಡಿ, ಏಕೆಂದರೆ 30 ದಿನಗಳ ಲೆಕ್ಕ ಶುರುವಾಗುವುದು ಆ ಮೊಹರಿನಿಂದ.

ಗಡುವಿನೊಳಗೆ ಉತ್ತರ ಬರಲಿಲ್ಲ. ನಾಲ್ಕು ದಿನ ತಡವಾಗಿ ಬಂದ ಪತ್ರದಲ್ಲಿ “ಕೋರಿರುವ ಮಾಹಿತಿಯು ಬೃಹತ್ ಸ್ವರೂಪದ್ದಾಗಿರುವುದರಿಂದ ಖುದ್ದಾಗಿ ಬಂದು ಕಡತ ಪರಿಶೀಲಿಸಬಹುದು” ಎಂಬ ಒಕ್ಕಣೆಯಿತ್ತು. ಒಂದು ಚರಂಡಿಯ ಕಡತ ಬೃಹತ್ತಾಗಿರಲು ಸಾಧ್ಯವಿಲ್ಲ. ಇಂಥ ಪತ್ರ ಬಂದಾಗ ಬಹಳ ಜನ ಬೇಸರಗೊಂಡು ಬಿಟ್ಟುಬಿಡುತ್ತಾರೆ. ನಾನು ಮಾತ್ರ ಅದನ್ನು ಆಹ್ವಾನವೆಂದೇ ತೆಗೆದುಕೊಂಡೆ, ಏಕೆಂದರೆ ಈ ಕಾಯ್ದೆ ಕೊಡುವುದರಲ್ಲೆಲ್ಲ ಅತ್ಯಂತ ಬೆಲೆಬಾಳುವುದು ಕಡತ ಪರಿಶೀಲನೆಯ ಹಕ್ಕು. ಕಲಂ 2(ಜೆ) ಪ್ರಕಾರ ದಾಖಲೆಯನ್ನಷ್ಟೇ ಅಲ್ಲ, ಕಾಮಗಾರಿಯನ್ನೂ ಪರಿಶೀಲಿಸಬಹುದು, ಟಿಪ್ಪಣಿ ಮಾಡಿಕೊಳ್ಳಬಹುದು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿಯನ್ನು ಕೂಡ ಕೇಳಬಹುದು. ಮನೆಗೆ ಬರುವ ಜೆರಾಕ್ಸ್ ಪ್ರತಿಯಲ್ಲಿ ನಾವು ಕೇಳಿದ್ದಷ್ಟೇ ಇರುತ್ತದೆ. ಕಡತವನ್ನೇ ಕೈಯಲ್ಲಿ ಹಿಡಿದು ಕುಳಿತಾಗ ಮಾತ್ರ ಕೇಳಲು ಗೊತ್ತಿರದಿದ್ದ ಕಾಗದ ಕಣ್ಣಿಗೆ ಬೀಳುತ್ತದೆ.

ಆ ದಿನ ವಿಷಯ ನಿರ್ವಾಹಕಿ ಒಂದು ಖಾಲಿ ಮೇಜಿನ ಮೇಲೆ ಕಡತ ತಂದಿಟ್ಟರು. ರಟ್ಟಿನ ಹೊದಿಕೆ, ಮಾಸಿದ ಬಿಳಿ ಲಾಡಿ, ಮೂಲೆಗಳು ಮಡಚಿ ಬಟ್ಟೆಯಂತೆ ಮೆತ್ತಗಾಗಿದ್ದವು. ಒಂದು ಕಡೆ ಟಿಪ್ಪಣಿ ಹಾಳೆಗಳು, ಇನ್ನೊಂದು ಕಡೆ ಪತ್ರ ವ್ಯವಹಾರ, ಪ್ರತಿ ಪುಟದ ಮೇಲೂ ಕೆಂಪು ಶಾಯಿಯಲ್ಲಿ ಸಂಖ್ಯೆ. ಆಕೆ ಎಲ್ಲವನ್ನೂ ಅಚ್ಚುಕಟ್ಟಾಗಿ ಜೋಡಿಸಿದ್ದರು, ನಾನು ಪುಟ ತಿರುವುವಾಗ ಎದುರಿಗೇ ಕುಳಿತು, ಕೇಳಿದ ಪುಟವನ್ನು ತಾವೇ ತೆಗೆದು ತೋರಿಸಿದರು. ಅಂದಾಜು ಪಟ್ಟಿಯಲ್ಲಿ 180 ಮೀಟರ್ ಇತ್ತು. ಅಳತೆ ಪುಸ್ತಕ ತೆರೆದಾಗ ನನ್ನ ಎದೆ ಸ್ವಲ್ಪ ಹೊಡೆದುಕೊಂಡಿತು. ಉದ್ದ, ಅಗಲ, ಆಳ ಎಂಬ ಮೂರು ಸಾಲುಗಳಲ್ಲಿ ಉದ್ದದ ಕೆಳಗೆ ನೀಲಿ ಶಾಯಿಯಲ್ಲಿ ಬರೆದಿದ್ದದ್ದು 118 ಮೀಟರ್. ಬಿಲ್ಲು ಪಾವತಿಯಾಗಿದ್ದದ್ದೂ 118 ಮೀಟರಿಗೆ ಮಾತ್ರ. ಅಂದರೆ ಮಾಡದ ಕೆಲಸಕ್ಕೆ ಯಾರೂ ಹಣ ತೆಗೆದುಕೊಂಡಿರಲಿಲ್ಲ. ಎಂಜಿನಿಯರ್ ಬರೆದ ಅಳತೆಗೂ ನನ್ನ ಟೇಪಿಗೂ ಒಂದು ಮೀಟರಿನಷ್ಟೂ ವ್ಯತ್ಯಾಸವಿರಲಿಲ್ಲ. ಬೀದಿಯಲ್ಲಿ ಮೂರು ತಿಂಗಳು ಆಡಿಕೊಂಡ ಮಾತು ಸುಳ್ಳೆಂದು ತಿಳಿಯಲು ಐದು ನಿಮಿಷ ಸಾಕಾಯಿತು. ದಾಖಲೆ ತೆರೆದಿಟ್ಟರೆ ಮೊದಲು ರಕ್ಷಣೆ ಸಿಗುವುದು ಪ್ರಾಮಾಣಿಕ ನೌಕರನಿಗೆ ಎಂಬುದನ್ನು ಅಂದು ನಾನು ಕಣ್ಣಾರೆ ಕಂಡೆ. ಮುಖ್ಯವಾಗಿ ಕಚೇರಿಗಳಲ್ಲಿ ಕೆಲಸ ಮಾಡುವವರು ಇದನ್ನು ಗಮನಿಸಬೇಕೆಂದು ನನ್ನ ಆಸೆ.

ಹಾಗಾದರೆ ಉಳಿದ 62 ಮೀಟರ್ ಎಲ್ಲಿ ಹೋಯಿತು? ಟಿಪ್ಪಣಿ ಹಾಳೆಯಲ್ಲಿ ಒಂದೇ ವಾಕ್ಯವಿತ್ತು: ಸಭೆಯಲ್ಲಿ ತೀರ್ಮಾನಿಸಿದಂತೆ ಉಳಿಕೆ ಮೊತ್ತವನ್ನು ಬೇರೆ ಬೀದಿಯ ಕಾಮಗಾರಿಗೆ ಬಳಸಿಕೊಳ್ಳಲಾಗಿದೆ. ಸಭೆಯ ದಿನಾಂಕವಿತ್ತು, ಸಭೆಯಲ್ಲಿ ನಡೆದದ್ದನ್ನು ಬರೆದಿಡುವ ನಡಾವಳಿ ಕಡತದಲ್ಲಿ ಇರಲಿಲ್ಲ. ಆಕೆಯನ್ನು ಕೇಳಿದಾಗ, “ಸಭೆ ಪುಸ್ತಕ ಬೇರೆ ಶಾಖೇಲಿರತ್ತೆ ಸಾರ್, ಅದಕ್ಕೆ ಬೇರೆ ಅರ್ಜಿ ಹಾಕ್ಬೇಕು” ಎಂದರು. ಹಾಕಿದೆ. ಮತ್ತೆ 10 ರೂಪಾಯಿ, ಮತ್ತೆ ಮೊಹರು. ಈ ಬಾರಿ ಉತ್ತರವೇ ಬರಲಿಲ್ಲ, ಮೊದಲ ಮೇಲ್ಮನವಿ ಹಾಕಿದ ಮೇಲೆ ದೃಢೀಕೃತ ನಕಲು ಬಂತು. ವಿಷಯ ಸಂಖ್ಯೆ, ವಿಷಯದ ಶೀರ್ಷಿಕೆ, ಅದರ ಕೆಳಗೆ ಎರಡು ಸಾಲು: “ಸದರಿ ವಿಷಯವನ್ನು ಸಭೆಯಲ್ಲಿ ಮಂಡಿಸಲಾಯಿತು. ಚರ್ಚಿಸಿ ಅನುಮೋದಿಸಲಾಯಿತು.” ಯಾರು ಮಂಡಿಸಿದರು, ಆ ಇನ್ನೊಂದು ಬೀದಿಗೆ ಇದ್ದ ತುರ್ತು ಏನು, ನಾಲ್ಕು ಮನೆಗಳ ಮುಂದೆ ನೀರು ನಿಲ್ಲುತ್ತದೆಂಬುದು ಯಾರಿಗಾದರೂ ಹೊಳೆದಿತ್ತೇ, ಯಾರಾದರೂ ಬೇಡವೆಂದರೇ, ಯಾವುದೂ ಇಲ್ಲ. ಆ ಬೀದಿಯ ಅಗತ್ಯ ನಮ್ಮದಕ್ಕಿಂತ ಹೆಚ್ಚಿನದೇ ಆಗಿದ್ದಿರಬಹುದು, ಹಾಗಿದ್ದರೆ ನಾವೇ ಒಪ್ಪುತ್ತಿದ್ದೆವು. ಹಣ ಖರ್ಚಾದ ಲೆಕ್ಕ ಸೆಂಟಿಮೀಟರಿನ ತನಕ ಸಿಕ್ಕಿತು, ಹಣ ಎಲ್ಲಿ ಖರ್ಚಾಗಬೇಕೆಂಬ ತೀರ್ಮಾನದ ಕಾರಣ ಮಾತ್ರ ಎಲ್ಲೂ ಸಿಗಲಿಲ್ಲ.

ಈ ಸೇವೆಯ ಬಗ್ಗೆ ನನ್ನ ಮುಖ್ಯ ದೂರು ಇದೇ. ದಾಖಲೆಯ ಬಾಗಿಲು ತಡವಾಗಿಯಾದರೂ ತೆರೆಯುತ್ತದೆ, ಸಭೆಯ ಬಾಗಿಲು ತೆರೆಯುವುದಿಲ್ಲ. ವಾಸ್ತವವಾಗಿ ಕಾಯ್ದೆಯು ಈ ಎರಡನ್ನೂ ಜೊತೆಯಾಗಿಯೇ ಯೋಚಿಸಿದೆ. ಕಲಂ 4(1)(ಬಿ)ಯಲ್ಲಿ ಪ್ರತಿಯೊಂದು ಕಚೇರಿಯೂ ಯಾರೂ ಕೇಳದೆಯೇ ಪ್ರಕಟಿಸಬೇಕಾದ 17 ಅಂಶಗಳ ಪಟ್ಟಿಯಿದೆ. ಅದರ ಎಂಟನೆಯ ಅಂಶ ಹೇಳುವುದು ಇದನ್ನು: ಕಚೇರಿಯ ಭಾಗವಾಗಿ ಅಥವಾ ಅದಕ್ಕೆ ಸಲಹೆ ಕೊಡಲು ಇಬ್ಬರು ಅಥವಾ ಹೆಚ್ಚು ಜನರಿರುವ ಯಾವ ಮಂಡಳಿ, ಪರಿಷತ್ತು, ಸಮಿತಿ ಇದ್ದರೂ ಅವುಗಳ ವಿವರ ಕೊಡಬೇಕು, ಅವುಗಳ ಸಭೆಗಳು ಸಾರ್ವಜನಿಕರಿಗೆ ತೆರೆದಿವೆಯೇ, ಅಥವಾ ನಡಾವಳಿಗಳು ಸಾರ್ವಜನಿಕರಿಗೆ ಸಿಗುತ್ತವೆಯೇ ಎಂಬುದನ್ನು ತಿಳಿಸಬೇಕು. ಕಾಯ್ದೆ ಅಂಗೀಕಾರವಾದ 120 ದಿನಗಳೊಳಗೆ ಈ ಕೆಲಸ ಮುಗಿಯಬೇಕಿತ್ತು. ಕಲಂ 4(2) ಇನ್ನೂ ಮುಂದೆ ಹೋಗಿ, ಜನರು ಮಾಹಿತಿಗಾಗಿ ಈ ಕಾಯ್ದೆಯ ಮೊರೆ ಹೋಗುವ ಪ್ರಸಂಗವೇ ಅತಿ ಕಡಿಮೆಯಾಗುವಷ್ಟು ಮಾಹಿತಿಯನ್ನು ಕಚೇರಿಗಳು ತಾವಾಗಿ ಕೊಡುತ್ತಿರಬೇಕು ಎನ್ನುತ್ತದೆ. ಅರ್ಜಿ ಟೈಪ್ ಮಾಡಿ ಹೊಟ್ಟೆ ಹೊರೆಯುವ ನಾನು ಈ ಮಾತನ್ನು ಮನಸಾರೆ ಬೆಂಬಲಿಸುತ್ತೇನೆ. ಆದರೆ ಎಂಟನೆಯ ಅಂಶದ ಮಾತುಗಳಲ್ಲೇ ಒಂದು ಸಡಿಲಿಕೆಯಿದೆ. ಸಭೆ ತೆರೆದಿದೆಯೋ ಇಲ್ಲವೋ ಎಂದು ಹೇಳಬೇಕು ಎಂದಿದೆಯೇ ಹೊರತು ತೆರೆದಿರಲೇಬೇಕು ಎಂದಿಲ್ಲ. “ತೆರೆದಿಲ್ಲ” ಎಂದು ಬರೆದ ಕಚೇರಿಯೂ ಕಾಯ್ದೆಯನ್ನು ಪಾಲಿಸಿದಂತೆಯೇ ಆಗುತ್ತದೆ.

ಚರಂಡಿಯ ವಿಷಯ ಸಣ್ಣದೆನಿಸಿದರೆ ನೀರಿನ ವಿಷಯ ನೋಡಿ. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ ಎಂಬುದು ಮಂಡ್ಯದ ಮಕ್ಕಳಿಗೂ ಬಾಯಿಪಾಠ. ಇಂದಿನ ಮಟ್ಟ, ಒಳಹರಿವು, ಹೊರಹರಿವು ಪತ್ರಿಕೆಯಲ್ಲಿ ದಿನವೂ ಬರುತ್ತದೆ, ಅದನ್ನು ನೋಡದೆ ನಮ್ಮವರು ಕಾಫಿ ಮುಗಿಸುವುದಿಲ್ಲ. ಆದರೆ ವಿಶ್ವೇಶ್ವರಯ್ಯ ನಾಲೆಗೆ ಯಾವಾಗ ನೀರು ಬಿಡಬೇಕು, ಕಟ್ಟು ಪದ್ಧತಿಯಲ್ಲಿ ಎಷ್ಟು ದಿನ ಹರಿಸಿ ಎಷ್ಟು ದಿನ ನಿಲ್ಲಿಸಬೇಕು ಎಂಬುದು ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ಇತ್ಯರ್ಥವಾಗುತ್ತದೆ. ಆ ತೀರ್ಮಾನವನ್ನು ನಂಬಿ ರೈತ ಒಟ್ಲು (ಭತ್ತದ ಸಸಿಮಡಿ) ಹಾಕಬೇಕೋ ಬೇಡವೋ, ಕಬ್ಬಿನ ಕೂಳೆ ಉಳಿಸಿಕೊಳ್ಳಬೇಕೋ ಉಳುಮೆ ಮಾಡಬೇಕೋ ಎಂದು ನಿರ್ಧರಿಸುತ್ತಾನೆ. ಅವನಿಗೆ ಬೇಕಾದದ್ದು ತೀರ್ಮಾನದ ಸುದ್ದಿ ಮಾತ್ರವಲ್ಲ. ಜಲಾಶಯದಲ್ಲಿ ಎಷ್ಟು ನೀರು ಲೆಕ್ಕ ಹಿಡಿದರು, ಕುಡಿಯುವ ನೀರಿಗೆ ಎಷ್ಟು ತೆಗೆದಿಟ್ಟರು, ಕೊನೆಯಂಚಿನ ಜಮೀನಿಗೆ ನೀರು ತಲುಪಲು ಎಷ್ಟು ದಿನ ಎಂದು ಊಹಿಸಿದರು ಎಂಬುದೂ ಬೇಕು. ಜನರ ಮೇಲೆ ಪರಿಣಾಮ ಬೀರುವ ತೀರ್ಮಾನವನ್ನು ಪ್ರಕಟಿಸುವಾಗ ಅದಕ್ಕೆ ಸಂಬಂಧಿಸಿದ ಎಲ್ಲ ಸಂಗತಿಗಳನ್ನೂ ಪ್ರಕಟಿಸಬೇಕೆಂದು ಕಲಂ 4(1)(ಸಿ) ಹೇಳುತ್ತದೆ, ಬಾಧಿತರಾದವರಿಗೆ ಆಡಳಿತಾತ್ಮಕ ತೀರ್ಮಾನದ ಕಾರಣಗಳನ್ನು ತಿಳಿಸಬೇಕೆಂದು 4(1)(ಡಿ) ಹೇಳುತ್ತದೆ. ನಾನು ಅರ್ಜಿಗಳಿಂದ ತೆಗೆದುಹಾಕುವ “ಏಕೆ” ಎಂಬ ಪದಕ್ಕೆ ಕಾಯ್ದೆಯಲ್ಲಿ ಒಂದು ಜಾಗವಿರುವುದು ಇಲ್ಲಿ. 30 ದಿನ ಕಾದು ಪಡೆಯುವ ನಡಾವಳಿ ಬೆಳೆಯ ಲೆಕ್ಕದಲ್ಲಿ ಒಂದು ಹಂಗಾಮು ಕಳೆದ ಮೇಲೆ ಸಿಕ್ಕಿದಂತೆ, ಇದಕ್ಕೆ ಅರ್ಜಿಯಿಂದ ಪರಿಹಾರವಿಲ್ಲ.

ಹಳ್ಳಿಯ ಮಟ್ಟದಲ್ಲಿ ನಮ್ಮ ರಾಜ್ಯದ ಕಾನೂನು ಇದಕ್ಕಿಂತ ಉದಾರವಾಗಿದೆ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು, ಅಲ್ಲಿ ಮತದಾರರೆಲ್ಲರೂ ಸದಸ್ಯರು. ಪ್ರತಿ ವರ್ಷ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದೊಳಗೆ ಗ್ರಾಮ ಪಂಚಾಯಿತಿಯ ಜಮಾಬಂದಿ ನಡೆಸಿ, ಹಿಂದಿನ ವರ್ಷದ ಲೆಕ್ಕಪತ್ರಗಳನ್ನೂ ಕಾಮಗಾರಿಗಳನ್ನೂ ಜನರ ಮುಂದೆ ಪರಿಶೀಲಿಸುವ ವ್ಯವಸ್ಥೆಯಿದೆ. ನಾನು ಹುಟ್ಟಿದ ಊರಿನ ಜಮಾಬಂದಿಗೆ ಹೋಗಿದ್ದೇನೆ. ಶಾಮಿಯಾನದ ಕೆಳಗೆ ನಗದು ಪುಸ್ತಕವನ್ನು ಗಟ್ಟಿಯಾಗಿ ಓದುವಾಗ, ಬೀದಿ ದೀಪದ ಬಾಬ್ತು ಬಂದ ಕೂಡಲೇ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು, “ನಮ್ ಕೇರಿ ದೀಪ ಯಾವ್ ಕಂಬಕ್ಕೆ ಹಾಕಿದೀರಿ, ತೋರ್ಸಿ ಬನ್ನಿ” ಎಂದರು. ಸಭೆ ಮುಗಿದ ಮೇಲೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಆ ಹೆಂಗಸಿನ ಹಿಂದೆಯೇ ನಡೆದು ಹೋಗಿ ಕಂಬ ನೋಡಿ ಬಂದರು. ಒಂದು ಅರ್ಜಿ, ಒಂದು ಮೇಲ್ಮನವಿ, ನಾಲ್ಕು ತಿಂಗಳು ಹಿಡಿಯುತ್ತಿದ್ದ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. ಪಂಚಾಯಿತಿಯನ್ನು ದಾಟಿ ಮೇಲೆ ಹೋದಷ್ಟೂ ಈ ಶಾಮಿಯಾನ ಕಾಣುವುದಿಲ್ಲ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಚುನಾಯಿತ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ಚುನಾವಣೆ ವರ್ಷಗಟ್ಟಲೆ ಮುಂದೆ ಹೋಯಿತು, ಮೈಸೂರು ಮಹಾನಗರ ಪಾಲಿಕೆಯಲ್ಲಿ ಕೌನ್ಸಿಲಿನ ಅವಧಿ 2023ರ ನವೆಂಬರಿನಲ್ಲಿ ಮುಗಿದ ಮೇಲೆ ಆಡಳಿತಾಧಿಕಾರಿಯ ಕೈಗೆ ಆಡಳಿತ ಹೋಯಿತು. ಚುನಾಯಿತರ ಸಭೆ ನಡೆದರೆ ಪತ್ರಕರ್ತರಾದರೂ ಕುಳಿತು ಬರೆಯುತ್ತಾರೆ. ಆ ಸಭೆಯೇ ಇಲ್ಲದ ಕಾಲದಲ್ಲಿ ಅಧಿಕಾರಿಗಳ ಸಭೆಯ ನಡಾವಳಿಯೊಂದೇ ಜನರಿಗೆ ಉಳಿಯುವ ಕಿಟಕಿ, ಅದು ಎರಡು ಸಾಲಿನದಾದರೆ ಕಿಟಕಿಯೂ ಮುಚ್ಚಿದಂತೆ.

ಇದು ಹೊರಗಿನಿಂದ ಬಂದ ಬೇಡಿಕೆ ಎಂದು ಯಾರೂ ಭಾವಿಸಬಾರದು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರಿನಲ್ಲಿ, ಮೈಸೂರು ಪ್ರಜಾ ಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿತು. 144 ಮಂದಿ ಬಂದಿದ್ದರು. ಅವರು ಚುನಾಯಿತರಲ್ಲ, ಜಮೀನ್ದಾರರು ಮತ್ತು ವರ್ತಕರಿಂದ ಆಯ್ದವರು, ಅವರಿಗೆ ತೀರ್ಮಾನ ಮಾಡುವ ಅಧಿಕಾರವೂ ಇರಲಿಲ್ಲ. ಇಷ್ಟು ಮಿತಿಯಿದ್ದರೂ ದಿವಾನರು ಕಳೆದ ವರ್ಷದ ಆಡಳಿತದ ಫಲಿತಾಂಶವನ್ನೂ ಬರುವ ವರ್ಷದ ಯೋಜನೆಯನ್ನೂ ಅವರ ಮುಂದೆ ಓದಿ ಹೇಳಿದರು. ಮುಂದೆ ದಸರೆಯ ಕಾಲದಲ್ಲಿ ಪ್ರತಿ ವರ್ಷ ಇದು ನಡೆದು ಬಂತು, ಪ್ರತಿನಿಧಿಗಳು ತಮ್ಮ ತಾಲ್ಲೂಕಿನ ಕೆರೆ, ರಸ್ತೆ, ಕಂದಾಯದ ಅಹವಾಲುಗಳನ್ನು ಎತ್ತಿದರು, ನಡಾವಳಿಗಳು ಅಚ್ಚಾದವು. ಮೈಸೂರಿಗೆ ಹೋದಾಗಲೆಲ್ಲ ರಂಗಾಚಾರ್ಲು ಅವರ ನೆನಪಿಗೆ ಕಟ್ಟಿದ ಪುರಭವನದ ಮುಂದೆ ಹಾದುಹೋಗುತ್ತೇನೆ. ಅರಸರ ಕಾಲದ ಸಭೆಯಲ್ಲಿ ಎದ್ದ ಪ್ರಶ್ನೆಯನ್ನೂ ಅದಕ್ಕೆ ಬಂದ ಉತ್ತರವನ್ನೂ ಇಂದು ಓದಬಹುದು, ಕಳೆದ ವರ್ಷ ನಮ್ಮ ಬೀದಿಯ ಬಗ್ಗೆ ನಡೆದ ಸಭೆಯಲ್ಲಿ ಏನು ಮಾತಾಯಿತೆಂದು ಓದಲಾಗುವುದಿಲ್ಲ. ಇದು ನನಗೆ ನಿಜವಾಗಿ ನೋವು ಕೊಡುವ ಸಂಗತಿ.

ಅಮೆರಿಕದಲ್ಲಿ ದಾಖಲೆಗೆ ಬೇರೆ, ಸಭೆಗೆ ಬೇರೆ ಎಂದು ರಾಜ್ಯಗಳೇ ಕಾನೂನು ಮಾಡಿಕೊಂಡಿವೆ. ಕ್ಯಾಲಿಫೋರ್ನಿಯಾದ ಸ್ಥಳೀಯ ಸಂಸ್ಥೆಗಳಿಗೆ ಅನ್ವಯಿಸುವ 1953ರ ಬ್ರೌನ್ ಕಾಯ್ದೆಯ ಪ್ರಕಾರ ಸಾಮಾನ್ಯ ಸಭೆಯ ಕಾರ್ಯಸೂಚಿಯನ್ನು 72 ಗಂಟೆ ಮೊದಲೇ ಪ್ರಕಟಿಸಬೇಕು. ಫ್ಲೋರಿಡಾ 1967ರಲ್ಲಿ ಅಂಥದೇ ಕಾನೂನು ತಂದಿತು. ನಮ್ಮ ರಾಜ್ಯದಲ್ಲಿ ಎಲ್ಲ ಸಮಿತಿ ಸಭೆಗಳಿಗೂ ಅನ್ವಯಿಸುವ ಇಂಥ ಪ್ರತ್ಯೇಕ ಕಾನೂನಿಲ್ಲ. ಆದರೆ ಕೇಂದ್ರದ ಕಾಯ್ದೆ ಬರುವ ಮೊದಲೇ, 2000ದಲ್ಲಿ, ಕರ್ನಾಟಕ ತನ್ನದೇ ಮಾಹಿತಿ ಹಕ್ಕು ಕಾಯ್ದೆಯನ್ನು ಮಾಡಿತ್ತು. ದಾಖಲೆಯ ವಿಷಯದಲ್ಲಿ ದೆಹಲಿಗೆ ಕಾಯದೆ ಮುಂದೆ ಹೋದ ರಾಜ್ಯಕ್ಕೆ ಸಭೆಯ ವಿಷಯದಲ್ಲೂ ಹಾಗೆ ಹೋಗಲು ಅಡ್ಡಿಯಿಲ್ಲ.

ಅರ್ಜಿಯಿಲ್ಲದೆ ಮಾಹಿತಿ ಕೊಡುವ ಪ್ರಯತ್ನವೂ ರಾಜ್ಯದಲ್ಲಿ ಆಗಿದೆ. ರಾಜಸ್ಥಾನದ ಜನ ಸೂಚನಾ ಪೋರ್ಟಲ್ 2019ರಲ್ಲಿ ಬಂದ ಮೇಲೆ ಅದರ ಮಾದರಿಯಲ್ಲಿ ನಮ್ಮಲ್ಲಿ ಮಾಹಿತಿ ಕಣಜ ಬಂತು. ಇಲಾಖೆ, ಜಿಲ್ಲೆ, ತಾಲ್ಲೂಕು, ಪಂಚಾಯಿತಿ ಎಂದು ಒಂದೊಂದಾಗಿ ಆಯ್ದುಕೊಂಡು ಹೋದರೆ ಕಾಮಗಾರಿ, ಫಲಾನುಭವಿ, ಪಡಿತರ ಮೊದಲಾದ ವಿವರಗಳು ಕನ್ನಡದಲ್ಲೇ ಸಿಗುತ್ತವೆ. ಅಂಗಡಿಗೆ ಬಂದವರು ಪಂಚಾಯಿತಿಯ ಕಾಮಗಾರಿ ಪಟ್ಟಿ ಕೇಳಿದರೆ ನಾನು ಮೊದಲು ಇದನ್ನು ತೆರೆದು ತೋರಿಸುತ್ತೇನೆ, ಅನೇಕರಿಗೆ 10 ರೂಪಾಯಿ ಮತ್ತು 30 ದಿನ ಉಳಿದಿದೆ. ಬಹಳ ಒಳ್ಳೆಯ ಕೆಲಸ, ಇನ್ನಷ್ಟು ಜನಕ್ಕೆ ಗೊತ್ತಾಗಬೇಕು. ಇದರಲ್ಲಿ ಸಿಗುವುದು ಅಂಕಿಅಂಶ, ಕಡತವಲ್ಲ. ಮೊತ್ತ ತಿಳಿಯುತ್ತದೆ, ಆ ಮೊತ್ತವನ್ನು ಒಪ್ಪಿದ ಸಭೆಯ ಮಾತು ತಿಳಿಯುವುದಿಲ್ಲ. ಇದೇ ಕಣಜದಲ್ಲಿ ಪ್ರತಿ ಸಮಿತಿಯ ಕಾರ್ಯಸೂಚಿಗೂ ನಡಾವಳಿಗೂ ಒಂದು ಜಾಗ ಮಾಡಿದರೆ ಹೊಸ ವ್ಯವಸ್ಥೆಯನ್ನೇನೂ ಕಟ್ಟಬೇಕಾಗಿಲ್ಲ.

ಮಾಹಿತಿ ಹಕ್ಕನ್ನು ಹಿಡಿದುಕೊಂಡು ಹೆದರಿಸಿ ಹಣ ಕೀಳುವವರಿದ್ದಾರೆ ಎಂಬ ಮಾತನ್ನು ಕಚೇರಿಗಳಲ್ಲಿ ಮತ್ತೆ ಮತ್ತೆ ಕೇಳುತ್ತೇನೆ. ಇದ್ದಾರೆ, ಅಂಥ ಅರ್ಜಿಯ ವಾಸನೆ ಬಂದರೆ ನಾನು ಟೈಪ್ ಮಾಡಿಕೊಡುವುದಿಲ್ಲ. ಆದರೆ ಒಬ್ಬನ ಕೈಗೆ ಮಾತ್ರ ಸಿಕ್ಕಿದ ಕಾಗದಕ್ಕಷ್ಟೇ ಆ ಬಗೆಯ ಬೆಲೆ ಇರುತ್ತದೆ. ಅದೇ ಬಿಲ್ಲು, ಅದೇ ಅಳತೆ ಪುಸ್ತಕದ ಪುಟ ಎಲ್ಲರಿಗೂ ಕಾಣುವಂತಿದ್ದರೆ ಅದನ್ನು ತೋರಿಸಿ ಯಾರನ್ನೂ ಹೆದರಿಸಲಾಗದು. ಈ ಕಾರಣಕ್ಕೆ ಬಾಗಿಲನ್ನು ಕಿರಿದು ಮಾಡುವುದು ತಪ್ಪು ಚಿಕಿತ್ಸೆ. ಕಿರಿದಾಗುತ್ತಿರುವುದಂತೂ ನಿಜ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಕಲಂ 44(3), ಮಾಹಿತಿ ಹಕ್ಕು ಕಾಯ್ದೆಯ ಕಲಂ 8(1)(ಜೆ)ಯನ್ನು ಬದಲಿಸಿತು, 2025ರ ನವೆಂಬರಿನಲ್ಲಿ ಅದು ಜಾರಿಗೂ ಬಂತು. ಹಿಂದೆ ವೈಯಕ್ತಿಕ ಮಾಹಿತಿಯನ್ನು ನಿರಾಕರಿಸಬೇಕಾದರೆ ಅದಕ್ಕೆ ಸಾರ್ವಜನಿಕ ಚಟುವಟಿಕೆಯ ಸಂಬಂಧವಿಲ್ಲವೆಂದೋ, ಖಾಸಗಿತನಕ್ಕೆ ಅನಗತ್ಯ ಧಕ್ಕೆಯೆಂದೋ ತೋರಿಸಬೇಕಿತ್ತು. ಶಾಸನಸಭೆಗೆ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸಬಾರದು ಎಂಬ ಮಾತೂ ಅಲ್ಲಿತ್ತು. ಈಗ ಉಳಿದಿರುವುದು “ವೈಯಕ್ತಿಕ ಮಾಹಿತಿ” ಎಂಬಷ್ಟೇ. ಗುತ್ತಿಗೆದಾರನ ಹೆಸರೂ, ಫಲಾನುಭವಿಗಳ ಪಟ್ಟಿಯೂ ಆ ಎರಡು ಪದಗಳೊಳಗೆ ಸೇರಿಬಿಡಬಹುದೆಂಬ ಆತಂಕ ನನಗಿದೆ. ಸಾರ್ವಜನಿಕ ಹಿತ ಹೆಚ್ಚಿನದಾಗಿದ್ದರೆ ಮಾಹಿತಿ ಕೊಡಬಹುದೆನ್ನುವ ಕಲಂ 8(2) ಇನ್ನೂ ಉಳಿದಿದೆ. ಆದ್ದರಿಂದ ಈಗ ಟೈಪ್ ಮಾಡುವ ಅರ್ಜಿಗಳಲ್ಲಿ ಅಗತ್ಯವಿದ್ದರೆ ಅದನ್ನು ಉಲ್ಲೇಖಿಸಿಯೇ ಕೊಡುತ್ತೇನೆ.

ಮೇಲ್ಮನವಿಯ ವಿಚಾರವನ್ನು ಚಿಕ್ಕದಾಗಿ ಹೇಳುತ್ತೇನೆ. ಉತ್ತರ ಬಾರದಿದ್ದರೆ ಅಥವಾ ತೃಪ್ತಿಯಾಗದಿದ್ದರೆ 30 ದಿನಗಳೊಳಗೆ ಅದೇ ಕಚೇರಿಯ ಹಿರಿಯ ಅಧಿಕಾರಿಗೆ ಮೊದಲ ಮೇಲ್ಮನವಿ ಹಾಕಬೇಕು. ಅದು 30ರಿಂದ ಗರಿಷ್ಠ 45 ದಿನಗಳಲ್ಲಿ ಇತ್ಯರ್ಥವಾಗಬೇಕು. ಆನಂತರ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ. ಆಯೋಗದ ಪೀಠಗಳು ಬೆಳಗಾವಿ ಮತ್ತು ಕಲಬುರಗಿಯಲ್ಲೂ ಇವೆ, ಮುಖ್ಯ ಕಚೇರಿ ಬೆಂಗಳೂರಿನಲ್ಲಿದೆ. ಮೊದಲ ಎರಡು ಹಂತಗಳಿಗೆ ಕಾಯ್ದೆ ದಿನ ಗೊತ್ತುಮಾಡಿದೆ, ಆಯೋಗ ತೀರ್ಪು ಕೊಡಲು ಮಾತ್ರ ದಿನ ಗೊತ್ತುಮಾಡಿಲ್ಲ. ಈ ಸೇವೆಯ ಅತಿ ದುರ್ಬಲ ಕೊಂಡಿ ಇದು. ಆದಷ್ಟು ಮೊದಲ ಮೇಲ್ಮನವಿಯಲ್ಲೇ ಕೆಲಸ ಮುಗಿಯುವಂತೆ ಅರ್ಜಿಯನ್ನು ಚೊಕ್ಕವಾಗಿ ಬರೆಯುವುದು ಲೇಸು.

ಒಟ್ಟಿನಲ್ಲಿ ಯಾರಾದರೂ ಕೇಳಿದರೆ, ದಾಖಲೆಗಾಗಿ ಈ ಸೇವೆಯನ್ನು ಧೈರ್ಯವಾಗಿ ಬಳಸಿ ಎಂದೇ ಹೇಳುತ್ತೇನೆ. ನಕಲಿನ ಬದಲು ಪರಿಶೀಲನೆ ಕೇಳಿ, ಹೋಗುವಾಗ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಬರೆದುಕೊಳ್ಳಲು ನೋಟ್ ಪುಸ್ತಕವಿರಲಿ, ಟಿಪ್ಪಣಿ ಹಾಳೆಗಳನ್ನು ಮೊದಲ ಪುಟದಿಂದ ಓದಿ, ಅದರಲ್ಲಿ “ಸಭೆ” ಎಂಬ ಪದ ಬಂದ ಕಡೆಯಲ್ಲೆಲ್ಲ ದಿನಾಂಕ ಗುರುತಿಸಿಕೊಳ್ಳಿ. ಸರ್ಕಾರದಿಂದ ನಾನು ಬಯಸುವುದು ಮೂರೇ ಮಾತು. ಜನರ ಹಣ ಅಥವಾ ನೀರು ಹಂಚುವ ಪ್ರತಿ ಸಮಿತಿಯ ಕಾರ್ಯಸೂಚಿ ಸಭೆಗೆ ಮೂರು ದಿನ ಮೊದಲು ಫಲಕದಲ್ಲಿ ಕಾಣಲಿ. ಸಭೆಯ ಕೋಣೆಯಲ್ಲಿ ಕೇಳುವವರಿಗೆ ನಾಲ್ಕು ಕುರ್ಚಿ ಇರಲಿ. ನಡಾವಳಿಯಲ್ಲಿ “ಚರ್ಚಿಸಿ” ಎಂದು ಬರೆದವರು ಏನು ಚರ್ಚಿಸಿದರೆಂದೂ ಬರೆಯಲಿ.

ನಮ್ಮ ಬೀದಿಯ ಅಜ್ಜಿಯ ಜಗುಲಿಯ ಮುಂದೆ ಈಗ ಎರಡು ಕಲ್ಲು ಹಾಕಿದ್ದೇವೆ, ಅವರು ಅದರ ಮೇಲೆ ಕಾಲಿಟ್ಟು ದಾಟುತ್ತಾರೆ. ಅಳತೆ ಪುಸ್ತಕದ ಪುಟವನ್ನು ಬೀದಿಯ ಎಲ್ಲ ಮನೆಗಳಿಗೂ ನಾನೇ ಜೆರಾಕ್ಸ್ ಮಾಡಿ ಹಂಚಿದ್ದೇನೆ, ಎಂಜಿನಿಯರ್ ಬಗ್ಗೆ ಆಡಿದ ಮಾತುಗಳು ನಿಂತಿವೆ. ಮೂರನೆಯ ಅರ್ಜಿಯನ್ನೂ ಹಾಕಿದ್ದೇನೆ, ಅದರಲ್ಲಿ ಕೇಳಿರುವುದು ಮುಂದಿನ ಸಭೆಗೆ ಹೊರಡಿಸಿರುವ ತಿಳಿವಳಿಕೆ ಪತ್ರ ಮತ್ತು ಕಾರ್ಯಸೂಚಿಯ ನಕಲು ಮಾತ್ರ, ಒಟ್ಟು 31 ಪದ. ಈ ಬಾರಿ ಬೀದಿಯ ಆರು ಮಂದಿ ನನ್ನ ಜೊತೆ ಟಪಾಲು ಶಾಖೆಗೆ ಬಂದಿದ್ದರು. ಸ್ವೀಕೃತಿಯ ಮೊಹರು ಬಿದ್ದಿದೆ, ಗಡುವಿಗೆ ಇನ್ನು ಹನ್ನೊಂದು ದಿನ ಇದೆ.